ನಕ್ಷತ್ರಿಕನ ಪರ ವಕಾಲತ್ತು

ಬೋರನಕಣಿವೆ ಕೋಡಿ ಬಿದ್ದರೆ ನೋಡಲು ಓಡುವಷ್ಟೇ ಆಸೆಯಿಂದ ನಮ್ಮ ಕಡೆಯ ಜನ ರಾಜ್ಯೋತ್ಸವದ ಫ್ಲೆಕ್ಸಿನಲ್ಲಿ ಯಾರ ಮುಖ ಇದೆ, ಯಾರದು ಬಿಟ್ಟುಹೋಗಿದೆ ಎಂದು ನೋಡುತ್ತಾರೆ. ಈ ಸಲ ಹುಡುಗರು ಎಂದಿನ ಕವಿಗಳ ಸಾಲಿನ ಕೆಳಗೆ ‘ನಮ್ಮ ಸೀಮೆಯ ಮಹನೀಯರು’ ಎಂದು ಬರೆಸಿ ಮೂರು ಚೌಕ ಬಿಟ್ಟಿದ್ದರು. ಒಂದಕ್ಕೆ ಗುಬ್ಬಿ ವೀರಣ್ಣ, ಇನ್ನೊಂದಕ್ಕೆ ತೀರ್ಥಪುರದ ತೀನಂಶ್ರೀ. ಈ ಎರಡಕ್ಕೆ ಯಾರೂ ತುಟಿ ಎರಡು ಮಾಡಲಿಲ್ಲ. ಮೂರನೆಯದಕ್ಕೆ ನಾನು ತಿಪಟೂರಿನ ನರಸಿಂಹರಾಜು ಅಂದೆ. ಅಷ್ಟೇ ಸಾಕಾಯಿತು. ಹುಳಿಯಾರು ರಸ್ತೆಯ ಹೋಟೆಲಿನಲ್ಲಿ ಎರಡು ಸಂಜೆ ನಮ್ಮ ಕಾಫಿ ಲೋಟಗಳು ತಣ್ಣಗಾದವು.

ಜಗಳದಲ್ಲಿ ನನಗೆ ಸರಿಯಾದ ಮಾತು ಹೊಳೆಯುವುದು ಮನೆಗೆ ಬಂದು ಚಪ್ಪಲಿ ಬಿಟ್ಟಮೇಲೆ. ಅದಕ್ಕೇ ಈ ಬರಹ. ಎದುರು ನಿಂತವರೆಲ್ಲ ಬೇಕಾದವರೇ, ಹೆಸರು ಹಾಕುವುದಿಲ್ಲ. ಹಾಕದಿದ್ದರೂ ಅವರವರ ಮಾತು ಅವರವರಿಗೆ ಗೊತ್ತಾಗುತ್ತದೆ.

ಮೊದಲು ಬಾಯಿ ತೆರೆದವರು ನನಗೆ ಅಕ್ಷರ ಕಲಿಸಿದ ಮೇಷ್ಟ್ರು. “ಹಲ್ಲು ಬಿಟ್ಟು ನಗಿಸಿದವನ್ನ ತೀನಂಶ್ರೀ ಪಕ್ಕ ಕೂರಿಸ್ತೀಯೇನಪ್ಪ?” ಅಂದರು.

ಕೂರಿಸುತ್ತೇನೆ ಮೇಷ್ಟ್ರೇ, ತೀನಂಶ್ರೀಯವರನ್ನೇ ಸಾಕ್ಷಿಗೆ ಕರೆದು ಕೂರಿಸುತ್ತೇನೆ. ಅವರ ‘ಭಾರತೀಯ ಕಾವ್ಯಮೀಮಾಂಸೆ’ ಅಚ್ಚಾದದ್ದು 1953ರಲ್ಲಿ. ರಸ ಎಂದರೇನು, ನೋಡುವವನ ಎದೆಯಲ್ಲಿ ಅದು ಹೇಗೆ ಹುಟ್ಟುತ್ತದೆ ಎಂದು ಕನ್ನಡದಲ್ಲಿ ಅಷ್ಟು ಬಿಡಿಸಿ ಹೇಳಿದ ಪುಸ್ತಕ ಇನ್ನೊಂದು ನನಗೆ ಸಿಕ್ಕಿಲ್ಲ. ಭರತನ ಎಂಟು ರಸಗಳಲ್ಲಿ ಶೃಂಗಾರದ ಬೆನ್ನಿಗೇ ಬರುವುದು ಹಾಸ್ಯ. ಕರುಣ, ವೀರಗಳೆಲ್ಲ ಅದರ ಹಿಂದೆ. ಮಾರನೆಯ ವರ್ಷ, 1954ರಲ್ಲಿ, ಪಕ್ಕದ ತಾಲ್ಲೂಕಿನ ಒಬ್ಬ ಪೊಲೀಸ್ ಪೇದೆಯ ಮಗ ‘ಬೇಡರ ಕಣ್ಣಪ್ಪ’ದಲ್ಲಿ ಅರ್ಚಕನ ಮಗ ಕಾಶಿಯಾಗಿ ಬಂದ. ರಸದ ವಿಷಯ ಬರೆದವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನವರು, ಅದನ್ನು ಮಾಡಿ ತೋರಿಸಿದವರು ತಿಪಟೂರಿನವರು. ಇಬ್ಬರನ್ನೂ ಒಂದೇ ಫ್ಲೆಕ್ಸಿನಲ್ಲಿ ಹಾಕಲು ಇದಕ್ಕಿಂತ ಬೇರೆ ಕಾರಣ ಬೇಕೆ?

ಇನ್ನು ಹಲ್ಲಿನ ಮಾತು. ಉಬ್ಬುಹಲ್ಲು ಇದ್ದದ್ದು ನಿಜ. ಉಬ್ಬುಹಲ್ಲಿನವರು ನಮ್ಮೂರಲ್ಲೇ ಹತ್ತು ಜನ ಇದ್ದಾರೆ; ಅವರು ಸಂತೆಯಲ್ಲಿ ನಡೆದುಹೋದರೆ ಯಾರೂ ಟಿಕೆಟ್ ಕೊಂಡು ಹಿಂದೆ ಹೋಗುವುದಿಲ್ಲ. 1923ರಲ್ಲಿ ಹುಟ್ಟಿದ ಈ ಹುಡುಗ ಇನ್ನೂ ಅಕ್ಷರ ಕೂಡಿಸುವ ವಯಸ್ಸಿಗೆ ಮೊದಲೇ ಸಿ.ಬಿ. ಮಲ್ಲಪ್ಪನವರ ನಾಟಕ ಕಂಪನಿ ಸೇರಿದವನು. ಪ್ರಹ್ಲಾದ, ಲೋಹಿತಾಶ್ವನಂಥ ಬಾಲಪಾತ್ರಗಳಲ್ಲಿ ಅತ್ತು, ಅಳಿಸಿ ಬೆಳೆದವನು. ಕಂಪನಿಯಿಂದ ಕಂಪನಿಗೆ ಅಲೆದು, ಹಿರಣ್ಣಯ್ಯನವರ ಮಂಡಳಿಯಲ್ಲಿ ಪಳಗಿ, ಕೊನೆಗೆ ಗುಬ್ಬಿ ಕಂಪನಿ ಸೇರುವ ಹೊತ್ತಿಗೆ ನಗಿಸುವುದು ಅವನಿಗೆ ಕೈಕಸುಬು.

ಕಸುಬು ಅಂದದ್ದನ್ನು ನಮ್ಮ ಅಟ್ಟದಿಂದಲೇ ತೋರಿಸುತ್ತೇನೆ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು. ನಮ್ಮ ದೊಡ್ಡಪ್ಪ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಲೊಟಲೊಟ ಅಂದರೆ ಈ ಕಡೆ, ಮೂಕಾಗಿದ್ದರೆ ಆ ಕಡೆ. ಅವಸರ ಮಾಡಿ ಒಡೆದರೆ ಗಿಟುಕು ಚಿಪ್ಪಿಗೆ ಕಚ್ಚಿಕೊಂಡು ಚೂರಾಗುತ್ತದೆ, ಉಂಡೆ ಕೊಬ್ಬರಿಯ ರೇಟು ಹೋಯಿತು. ಮರೆತು ಬಿಟ್ಟರೆ ಕೌಟು. ನಡುವೆ ಒಂದು ಗಳಿಗೆ ಇದೆ; ಅದು ಕಿವಿಗೆ ಮಾತ್ರ ಗೊತ್ತು. ನರಸಿಂಹರಾಜು ಮಾತು ಒಡೆಯುತ್ತಿದ್ದದ್ದು ಆ ಗಳಿಗೆಯಲ್ಲಿ. ಅನುಮಾನವಿದ್ದವರು ಅವರ ಯಾವುದಾದರೂ ಹಾಸ್ಯದ ಸಾಲನ್ನು ಕನ್ನಡಿಯ ಮುಂದೆ ಹೇಳಿ ನೋಡಬಹುದು. ಹಲ್ಲಿದ್ದವರೂ ಹೇಳಿ ನೋಡಬಹುದು.

ಮೇಷ್ಟ್ರಿಗೆ ಇನ್ನೊಂದು ಪ್ರಶ್ನೆ. ಗುಬ್ಬಿ ವೀರಣ್ಣನವರ ಫೋಟೋಗೆ ತಾವು ತಕರಾರು ತೆಗೆಯಲಿಲ್ಲ. ವೀರಣ್ಣನವರು ಹೆಸರಾದದ್ದು ಯಾವ ಪಾತ್ರಕ್ಕೆ? ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯ ಕಳ್ಳನ ಪಾತ್ರಕ್ಕೆ. ನಾಡೆಲ್ಲ ಗಾಡಿ ಕಟ್ಟಿಕೊಂಡು ಬಂದದ್ದು ಆ ಕಳ್ಳನ ಕುಚೇಷ್ಟೆ ನೋಡಲು. 1972ರಲ್ಲಿ ಪದ್ಮಶ್ರೀ ಬಂತು ಎಂಬ ಕಾರಣಕ್ಕೆ ಅವರದು ಕಲೆ, ಇವರದು ಕೋಡಂಗಿತನ ಅನ್ನುವುದಾದರೆ ತೂಕ ಹಾಕುತ್ತಿರುವುದು ನಾವಲ್ಲ, ದೆಹಲಿಯ ತಕ್ಕಡಿ.

ಎರಡನೆಯ ಮಾತು ಕೊಬ್ಬರಿ ಮಂಡಿಯ ಸಾಹುಕಾರರದು. “ದುಡ್ಡಿಗೆ ಬಣ್ಣ ಹಚ್ಚಿದೋರು ಸ್ವಾಮಿ, ಸಮಾಜಸೇವೆ ಏನು ಮಾಡಿದ್ರು?”

ಇದಕ್ಕೆ ಉತ್ತರ ಹೇಳಲು ನನಗೆ ಸ್ವಲ್ಪ ಸಂಕೋಚ. ಯಾಕೆಂದರೆ ನಮ್ಮೂರ ‘ಕುರುಕ್ಷೇತ್ರ’ದಲ್ಲಿ ದುರ್ಯೋಧನನ ಪಾರ್ಟು ಬೇಕೆಂದು ಎಲ್ಲರಿಗಿಂತ ಹೆಚ್ಚು ದುಡ್ಡು ಕಟ್ಟಿದವರು ಇವರೇ. ತುಮಕೂರು ಸೀಮೆಯಲ್ಲಿ ಇದು ಹೊಸದೇನಲ್ಲ. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು, ಸೈನಿಕನಿಗೆ ಇಷ್ಟು ಎಂದು ಪಾತ್ರಧಾರಿಗಳೇ ಹಣ ಹಾಕಿ, ಹಾರ್ಮೋನಿಯಂ ಮೇಷ್ಟ್ರಿಗೆ ಸಂಬಳ ಕೊಟ್ಟು, ಸೀನರಿ ಬಾಡಿಗೆಗೆ ತಂದು ರಾತ್ರಿಯಿಡೀ ಹಾಡುತ್ತಾರೆ. ಸಾಹುಕಾರರು ಗದೆ ಹಿಡಿದು ಕಂದ ಹಾಡಿದಾಗ ಒನ್ಸ್‌ಮೋರ್ ಕೂಗಿದವರಲ್ಲಿ ನಾನೂ ಒಬ್ಬ. ದುಡ್ಡು ಕೊಟ್ಟು ಬಣ್ಣ ಹಚ್ಚುವುದು ಗೌರವ, ದುಡ್ಡು ತೆಗೆದುಕೊಂಡು ಹಚ್ಚುವುದು ಕೀಳು ಅನ್ನುವುದಾದರೆ, ಬಡವನ ಮಗ ನಟನಾಗುವುದೇ ತಪ್ಪು ಎಂದ ಹಾಗಾಯಿತು.

ಇನ್ನು ಏನು ಮಾಡಿದರು ಎಂಬ ಪ್ರಶ್ನೆ. ಆಗ ಕನ್ನಡ ಚಿತ್ರ ತಯಾರಾಗುತ್ತಿದ್ದದ್ದು ಮದರಾಸಿನಲ್ಲಿ, ಅದೂ ಬೆರಳೆಣಿಕೆಯಷ್ಟು. ಕೈಯಲ್ಲಿ ಕೆಲಸವಿಲ್ಲದ ದಿನಗಳಲ್ಲಿ ನಾಲ್ಕು ಜನ ಸೇರಿ ಕಲಾವಿದರ ಸಂಘ ಕಟ್ಟಿದರು: ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು. ಊರೂರಿಗೆ ಹೋಗಿ ನಾಟಕ ಆಡಿದರು. 1960ರಲ್ಲಿ ಆ ಸಂಘದಿಂದಲೇ ‘ರಣಧೀರ ಕಂಠೀರವ’ ಹೊರಬಂತು. ಹದಿನೇಳನೆಯ ಶತಮಾನದ ಮೈಸೂರು ದೊರೆ ಕಂಠೀರವ ನರಸರಾಜ ಒಡೆಯರ ಹೆಸರು ಅರಮನೆಯ ವಂಶಾವಳಿಯಿಂದ ಇಳಿದು ನಮ್ಮ ಟೆಂಟ್ ಸಿನಿಮಾದ ಮಣ್ಣಿನ ನೆಲಕ್ಕೆ ಬಂದದ್ದು ಹೀಗೆ. ಆ ನಾಲ್ವರಲ್ಲಿ ಒಬ್ಬರ ಫೋಟೋ ಎಲ್ಲ ಫ್ಲೆಕ್ಸಿನಲ್ಲೂ ಇರುತ್ತದೆ. ಉಳಿದ ಮೂವರ ಪಾಲಿನ ಧೈರ್ಯಕ್ಕೆ ಬೆಲೆ ಇಲ್ಲವೆ?

ಇಲ್ಲಿಗೇ ಮೂರನೆಯ ಆಕ್ಷೇಪಕ್ಕೂ ಉತ್ತರ ಸಿಕ್ಕಿತು: “ಅವರು ರಾಜಣ್ಣನ ಬಾಲ.” ಬಾಲವಲ್ಲ, ಜೊತೆಗಾರ. ‘ಬೇಡರ ಕಣ್ಣಪ್ಪ’ ಇಬ್ಬರಿಗೂ ದಾರಿ ತೆಗೆದ ಚಿತ್ರ, ಇಬ್ಬರೂ ಗುಬ್ಬಿ ಕಂಪನಿಯ ಅನ್ನ ಉಂಡವರು. 1974ರಲ್ಲಿ ‘ಪ್ರೊಫೆಸರ್ ಹುಚ್ಚೂರಾಯ’ ತೆಗೆದಾಗ ನಿರ್ಮಾಪಕರೂ ಅವರೇ, ಹುಚ್ಚೂರಾಯನೂ ಅವರೇ.

ನಾನು ‘ಸತ್ಯ ಹರಿಶ್ಚಂದ್ರ’ವನ್ನು ಮೊದಲು ನೋಡಿದ್ದು ಟೆಂಟಿನಲ್ಲಿ, ಅಮ್ಮನ ಮಡಿಲಲ್ಲಿ. ಚಿತ್ರ ಬಂದದ್ದು 1965ರಲ್ಲಿ, ನಮ್ಮ ಟೆಂಟಿಗೆ ರೀಲು ಸುತ್ತಿ ಸುತ್ತಿ ಸವೆದ ಮೇಲೆ ಬಂದಿತ್ತು. ರಾಘವಾಂಕನ ಕಾವ್ಯದಲ್ಲಿ ವಿಶ್ವಾಮಿತ್ರ ಸಾಲ ವಸೂಲಿಗೆಂದು ಹರಿಶ್ಚಂದ್ರನ ಬೆನ್ನಿಗೆ ಹಚ್ಚುವ ಶಿಷ್ಯ ನಕ್ಷತ್ರಿಕ. ಬಿಸಿಲು ಅನ್ನುತ್ತಾನೆ, ಹಸಿವು ಅನ್ನುತ್ತಾನೆ, ನಡೆಯಲಾರೆ ಅನ್ನುತ್ತಾನೆ; ರಾಜ್ಯ ಕಳೆದುಕೊಂಡು ಬರಿಗಾಲಲ್ಲಿ ನಡೆಯುವವರ ಮುಂದೆ ತನ್ನ ಕಾಲುನೋವು ಹೇಳುತ್ತಾನೆ. ಈ ಪಾತ್ರವನ್ನು ಬರೀ ದುಷ್ಟನಾಗಿ ಮಾಡಿದರೆ ನೋಡುವವನು ಮುಖ ತಿರುಗಿಸುತ್ತಾನೆ. ಬರೀ ಕೋಡಂಗಿಯಾಗಿ ಮಾಡಿದರೆ ಹರಿಶ್ಚಂದ್ರನ ಕಷ್ಟವೇ ಹಗುರ. ನರಸಿಂಹರಾಜು ಆ ಎರಡರ ನಡುವಿನ ಬದುವಿನ ಮೇಲೆ ನಡೆದರು. ಟೆಂಟಿನಲ್ಲಿ ಜನ ನಗುತ್ತಲೇ ಬೈಯುತ್ತಿದ್ದರು. ನನ್ನ ಹಿಂದೆ ಕೂತಿದ್ದ ಅಜ್ಜಿ ಒಬ್ಬಳು ನಕ್ಕು, ತಕ್ಷಣ “ನಿನ್ ಬಾಯಿಗೆ ಮಣ್ ಬೀಳ” ಅಂದದ್ದು ನೆನಪಿದೆ. ಒಂದೇ ಉಸಿರಿನಲ್ಲಿ ಎರಡೂ. ಹುಡುಗನಾಗಿದ್ದಾಗ ಇದೇ ಕಥೆಯಲ್ಲಿ ಲೋಹಿತಾಶ್ವನಾಗಿ ಹಸಿದವನು, ದೊಡ್ಡವನಾಗಿ ಅದೇ ಕಥೆಯಲ್ಲಿ ಹಸಿದವರನ್ನು ಕಾಡಿದ. ಇವತ್ತಿಗೂ ಸೊಸೈಟಿ ಸಾಲದವರು ಮನೆ ಬಾಗಿಲಿಗೆ ಬಂದರೆ ನಮ್ಮಲ್ಲಿ “ನಕ್ಷತ್ರಿಕ ಬಂದ” ಅನ್ನುತ್ತಾರೆ. ಮಾತು ರಾಘವಾಂಕನ ಕಾಲದ್ದಿರಬಹುದು. ಹಾಗೆ ಅನ್ನುವಾಗ ಕಣ್ಣ ಮುಂದೆ ಬರುವ ಮುಖ ತಿಪಟೂರಿನದು.

ನಾಲ್ಕನೆಯ ಮಾತು ತೂಕದ್ದು, ಹೇಳಿದವರು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವರು. ಸಿನಿಮಾದವರನ್ನು ಮಹನೀಯರ ಸಾಲಿಗೆ ಸೇರಿಸುತ್ತಾ ಹೋದರೆ ಕಥೆ ಯಾವುದು, ಚರಿತ್ರೆ ಯಾವುದು ಎಂದೇ ಜನಕ್ಕೆ ಗೊತ್ತಾಗುವುದಿಲ್ಲ ಎಂದರು. ಜಕಣಾಚಾರಿಯ ಉದಾಹರಣೆ ಕೊಟ್ಟರು. ಅರ್ಧ ಒಪ್ಪುತ್ತೇನೆ. ಕೈದಾಳದ ಜಕಣಾಚಾರಿಯ ಹೆಸರು ಹೊಯ್ಸಳರ ಯಾವ ಶಾಸನದಲ್ಲೂ ಸಿಕ್ಕಿಲ್ಲ, ಆದರೂ 1964ರ ‘ಅಮರಶಿಲ್ಪಿ ಜಕಣಾಚಾರಿ’ ಆತನನ್ನು ಬಣ್ಣದಲ್ಲಿ, ಅದೂ ಕನ್ನಡದ ಮೊದಲ ಪೂರ್ಣ ವರ್ಣಚಿತ್ರದಲ್ಲಿ, ಮನೆಮಾತು ಮಾಡಿತು. ಆದರೆ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚನ್ನಕೇಶವ ಗುಡಿಯಲ್ಲಿ ಹೊನೋಜ ಎಂಬ ಶಿಲ್ಪಿ ತನ್ನ ಹೆಸರನ್ನೇ ಬಿಟ್ಟುಹೋಗಿದ್ದಾನೆ. ಅವನನ್ನು ಮರೆಸಿದ್ದು ಸಿನಿಮಾವಲ್ಲ. ಜಾತ್ರೆಗೆ ಹೋಗಿ ಮಂಗಳಾರತಿ ತೆಗೆದುಕೊಂಡು ಕಲ್ಲು ನೋಡದೆ ಬಂದ ನಾವು. ಲೆಕ್ಚರರು ಹೊನೋಜನಿಗೆ ಒಂದು ಚೌಕ ಕೇಳಿದರೆ ನಾನೇ ಮೊದಲು ಕೈ ಎತ್ತುತ್ತೇನೆ. ಮುಖ ಹೇಗಿತ್ತೋ, ಆ ಚೌಕದಲ್ಲಿ ಒಂದು ಉಳಿ ಬರೆಸೋಣ.

ನರಸಿಂಹರಾಜು ವಿಷಯದಲ್ಲಿ ಈ ಗೊಂದಲವೇ ಇಲ್ಲ. ಅವರು ಕಟ್ಟುಕಥೆಯ ಮನುಷ್ಯ ಅಲ್ಲ, 1979ರವರೆಗೆ ನಮ್ಮ ನಡುವೆ ಇದ್ದವರು.

ಇನ್ನೊಬ್ಬರು ತಾಲ್ಲೂಕಿನ ಗಡಿ ತೆಗೆದರು. “ಅವ್ರು ತಿಪಟೂರೋರು, ನಮ್ದು ಚಿಕ್ಕನಾಯಕನಹಳ್ಳಿ.” ಬೋರನಕಣಿವೆಯ ಸುವರ್ಣಮುಖಿ ಹಿರಿಯೂರು ತಾಲ್ಲೂಕಿಗೆ ಹೋಗಿ ವೇದಾವತಿ ಸೇರುತ್ತದೆ, ಗಡಿಯಲ್ಲಿ ನಿಂತು ಜಿಲ್ಲೆ ಕೇಳಿದ್ದನ್ನು ಯಾರೂ ಕಂಡಿಲ್ಲ. ನಮ್ಮ ಕೊಬ್ಬರಿ ತಿಪಟೂರಿನ ಹರಾಜಿಗೆ ಹೋಗುವಾಗ ಬಾರದ ತಾಲ್ಲೂಕು ಅಭಿಮಾನ ಫೋಟೋಗೆ ಯಾಕೆ? ನನ್ನನ್ನು ಕೇಳಿದರೆ ಅರಸೀಕೆರೆಯ ಬಾಲಕೃಷ್ಣ ಅವರದೂ ಒಂದು ಇರಬೇಕು. ಕಿವಿ ಕೇಳದ ಮನುಷ್ಯ, ಎದುರಿನವರ ತುಟಿ ನೋಡಿಯೇ ತನ್ನ ಸರದಿ ಹಿಡಿಯುತ್ತಿದ್ದರು. ಎದುರಿಗೆ ಪಟಪಟ ಮಾತಾಡುವ ನರಸಿಂಹರಾಜು. ಒಬ್ಬರ ಬಾಯಿ, ಇನ್ನೊಬ್ಬರ ಕಣ್ಣು. ನಡುವೆ ಒಂದು ಗಳಿಗೆಯೂ ಆಚೀಚೆ ಆಗುತ್ತಿರಲಿಲ್ಲ. ಒಂದೇ ರೈಲುದಾರಿಯ ಅಕ್ಕಪಕ್ಕದ ಎರಡು ಊರು ಕನ್ನಡಕ್ಕೆ ಇಬ್ಬರು ನಗೆಗಾರರನ್ನು ಕೊಟ್ಟದ್ದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ. ತೆಂಗಿನ ದುಡ್ಡು ಓಡಾಡುವ ಊರಿನಲ್ಲಿ ನಾಟಕದ ಕಂಪನಿ ಟೆಂಟು ಹಾಕಿದರೆ ಹುಡುಗರಿಗೆ ಹುಚ್ಚು ಹಿಡಿಯದೆ ಇರುತ್ತದೆಯೇ! ಹಾಸ್ಯನಟರನ್ನು ಜನ ಲೆಕ್ಕಕ್ಕಿಡುವುದಿಲ್ಲ ಅಂದವರಿಗೆ ತುರುವೇಕೆರೆ ಕಡೆ ಕೈ ತೋರಿಸಿದರೆ ಸಾಕು: 2008ರಲ್ಲಿ ಅಲ್ಲಿನ ಮತದಾರರು ಜಗ್ಗೇಶ್ ಅವರನ್ನು ವಿಧಾನಸಭೆಗೇ ಕಳಿಸಿದರು.

ಈಗಿನ ಮಕ್ಕಳಿಗೆ ಗೊತ್ತಿಲ್ಲ ಎಂದ ಹುಡುಗನಿಗೆ ಉತ್ತರ ಚಿಕ್ಕದು. ಗೊತ್ತಿದ್ದರೆ ಫ್ಲೆಕ್ಸ್ ಯಾಕಪ್ಪ?

ಎದುರಾಳಿಗಳು ಎತ್ತದೆ ಬಿಟ್ಟ ಒಂದು ಆಕ್ಷೇಪವನ್ನು ನಾನೇ ಎತ್ತುತ್ತೇನೆ. ಆ ಕಾಲದ ಹಾಸ್ಯದ ಟ್ರ್ಯಾಕುಗಳಲ್ಲಿ ಇವತ್ತು ನೋಡಲಾಗದ್ದು ಬೇಕಾದಷ್ಟಿದೆ. ದಪ್ಪಗಿರುವ ಹೆಂಗಸು ಬಂದರೆ ನಗು, ತೊದಲಿದರೆ ನಗು, ಗಂಡಸು ಸೀರೆ ಉಟ್ಟರೆ ನಗು. ನನ್ನ ಮಗಳು ಅಂಥದ್ದೊಂದು ದೃಶ್ಯ ನೋಡಿ ಎದ್ದು ಹೋದಳು, ನಾನು ತಡೆಯಲಿಲ್ಲ. ನಕ್ಷತ್ರಿಕನನ್ನು ತೋರಿಸಿದಾಗ ಮಾತ್ರ ಕೂತಳು, ಕೊನೆಗೆ “ಇವ್ನು ನಮ್ ಬ್ಯಾಂಕ್ ರಿಕವರಿಯವನ ಥರಾನೇ” ಅಂದಳು.

ಎರಡನೆಯ ಸಂಜೆ ಮುಗಿಯುವ ಹೊತ್ತಿಗೆ ಮೇಷ್ಟ್ರು ಮೆತ್ತಗಾದರು. “ಹಾಕ್ಕೊಳ್ಳಪ್ಪ. ಆದ್ರೆ ಪಕ್ಕದಲ್ಲಿ ತೀನಂಶ್ರೀ ಇದ್ದಾರೆ, ಸ್ವಲ್ಪ ಗಂಭೀರವಾಗಿ, ಬಾಯಿ ಮುಚ್ಚಿರೋ ಫೋಟೋ ಹಾಕು” ಅಂದರು. ಫ್ಲೆಕ್ಸ್ ಅಂಗಡಿಯ ಹುಡುಗನೂ ನಾನೂ ಒಂದು ಗಂಟೆ ಹುಡುಕಿದೆವು. ಒಂದೂ ಸಿಗಲಿಲ್ಲ.