ಉಲ್ಲೇಖದ ಲೆಕ್ಕಕ್ಕೆ ಸಿಗದ ದುಡಿಮೆ

ಜೀವರಸಾಯನಶಾಸ್ತ್ರದಲ್ಲೂ ಶಿಕ್ಷಣದಲ್ಲೂ ದುಡಿದ ವಿದ್ವಾಂಸರೊಬ್ಬರ ಸಾಧನೆಯನ್ನು ಒಂದೇ ಅಂಕಿಯಲ್ಲಿ ಹೇಳಬಹುದೇ? ಎಷ್ಟು ಪ್ರಬಂಧ ಪ್ರಕಟವಾಗಿವೆ, ಎಷ್ಟು ಮಂದಿ ಉಲ್ಲೇಖಿಸಿದ್ದಾರೆ, ಎಚ್-ಇಂಡೆಕ್ಸ್ ಎಷ್ಟು ಎಂದು ಕೇಳಿ ಸುಮ್ಮನಾಗುವ ಆಯ್ಕೆ ಸಮಿತಿಗಳು ಹೇಳಬಹುದೆಂದೇ ನಂಬಿವೆ. ಆ ನಂಬಿಕೆಗೆ ಆಧಾರ ಸಾಲದು.

1951ರಲ್ಲಿ ಆಲಿವರ್ ಲೌರಿ ಮತ್ತು ಸಂಗಡಿಗರು ಪ್ರೋಟೀನಿನ ಪ್ರಮಾಣ ಅಳೆಯುವ ವಿಧಾನವೊಂದನ್ನು ಪ್ರಕಟಿಸಿದರು. 2014ರಲ್ಲಿ ‘ನೇಚರ್’ ಪತ್ರಿಕೆ ಅತಿ ಹೆಚ್ಚು ಉಲ್ಲೇಖಗೊಂಡ 100 ಪ್ರಬಂಧಗಳನ್ನು ಪಟ್ಟಿ ಮಾಡಿದಾಗ, 3 ಲಕ್ಷ ಉಲ್ಲೇಖ ದಾಟಿದ್ದ ಇದಕ್ಕೇ ಮೊದಲ ಸ್ಥಾನ. ಎರಡನೆಯ, ಮೂರನೆಯ ಸ್ಥಾನಗಳಲ್ಲಿದ್ದ ಲೆಮ್ಲಿ ಮತ್ತು ಬ್ರಾಡ್‌ಫರ್ಡ್ ಅವರ ಪ್ರಬಂಧಗಳೂ ಪ್ರೋಟೀನ್ ಪ್ರಯೋಗದ ವಿಧಾನಗಳನ್ನೇ ಕುರಿತವು. ಡಿಎನ್ಎಯ ಜೋಡಿ ಸುರುಳಿಯನ್ನು ತೋರಿಸಿಕೊಟ್ಟ 1953ರ ಪ್ರಬಂಧ ಆ ನೂರರಲ್ಲಿ ಇರಲೇ ಇಲ್ಲ. ಪ್ರೋಟೀನ್ ಅಳೆದ ಪ್ರಯೋಗಾಲಯಗಳೆಲ್ಲ ತಾವು ಬಳಸಿದ ವಿಧಾನವನ್ನು ಹೆಸರಿಸಬೇಕಾಗುತ್ತದೆ. ಹಾಗಾಗಿ ಆ ಸಂಖ್ಯೆ ಬೆಳೆಯಿತು. ತಮ್ಮದು ಮಹಾನ್ ಪ್ರಬಂಧವೇನಲ್ಲ ಎಂದು ಲೌರಿಯವರೇ ಹೇಳಿದ್ದರು.

ಅಂದರೆ ಉಲ್ಲೇಖ ತಿಳಿಸುವುದು ಬಳಕೆಯನ್ನು. ಅದೂ ಪ್ರಬಂಧ ಬರೆಯುವವರ ನಡುವಿನ ಬಳಕೆಯನ್ನು ಮಾತ್ರ.

ಶಿಕ್ಷಣಕ್ಕೆ ಬಂದರೆ ಈ ಮಿತಿ ಇನ್ನಷ್ಟು ಕಾಣುತ್ತದೆ. ಅಮೆರಿಕದ ಬ್ರೂಸ್ ಆಲ್ಬರ್ಟ್ಸ್ ಡಿಎನ್ಎ ನಕಲಾಗುವ ಬಗೆಯನ್ನು ಅಧ್ಯಯನ ಮಾಡಿದ ಜೀವರಸಾಯನ ವಿಜ್ಞಾನಿ. ಅವರು ಇತರರೊಡನೆ ಬರೆದ ‘ಮಾಲಿಕ್ಯುಲರ್ ಬಯಾಲಜಿ ಆಫ್ ದ ಸೆಲ್’ 1983ರಿಂದ ಜಗತ್ತಿನ ಕಾಲೇಜುಗಳಲ್ಲಿ ಪಠ್ಯವಾಗಿದೆ. 1993ರಿಂದ 2005ರವರೆಗೆ ಅವರು ಆ ದೇಶದ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಶಾಲಾ ವಿಜ್ಞಾನದ ರಾಷ್ಟ್ರೀಯ ಮಾನದಂಡಗಳು 1996ರಲ್ಲಿ ಹೊರಬಂದದ್ದು ಅದೇ ಅವಧಿಯಲ್ಲಿ. ಅಂಥ ದಾಖಲೆಯನ್ನು ಓದಿ ಪಾಠದ ಕ್ರಮ ಬದಲಿಸಿಕೊಂಡ ಶಿಕ್ಷಕಿ ಅದರ ಬಗ್ಗೆ ಪ್ರಬಂಧ ಬರೆಯುವುದಿಲ್ಲ. ಆಕೆಯ ತರಗತಿಯಲ್ಲಾದ ಬದಲಾವಣೆ ಯಾವ ಉಲ್ಲೇಖ ಸೂಚಿಗೂ ಸೇರುವುದಿಲ್ಲ.

2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಸೂಚಿಸಿದ ಎಚ್-ಇಂಡೆಕ್ಸ್ ಈ ಕೊರತೆ ತುಂಬುವುದಿಲ್ಲ. 20 ಪ್ರಬಂಧಗಳಿಗೆ ತಲಾ 20 ಉಲ್ಲೇಖವಾದರೂ ಇದ್ದರೆ ಅದು 20. ಲೌರಿಯವರ 3 ಲಕ್ಷ ಉಲ್ಲೇಖದ ಪ್ರಬಂಧವೂ ಅದರಲ್ಲಿ ಒಂದೇ ಒಂದು.

ಅಂಕಿಯ ಪರವಾಗಿ ಒಂದು ಗಟ್ಟಿ ವಾದವಿದೆ: ಅದು ಶಿಫಾರಸು, ಜಾತಿ, ಪರಿಚಯಗಳ ಪ್ರಭಾವವನ್ನು ತಡೆಯುತ್ತದೆ. ಈ ಆತಂಕ ನಿಜವಾದದ್ದು. ಆದರೆ ಅಂಕಿಯನ್ನೇ ಗುರಿ ಮಾಡಿದರೆ ಅಪ್ರಾಮಾಣಿಕತೆ ಬೇರೆ ದಾರಿ ಹಿಡಿಯುತ್ತದೆ. ಭಾರತದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2010ರಲ್ಲಿ ಅಧ್ಯಾಪಕರ ಬಡ್ತಿಗೆ, ಪ್ರಕಟಿತ ಪ್ರಬಂಧಗಳನ್ನೂ ಎಣಿಸುವ ಎಪಿಐ ಅಂಕಗಳನ್ನು ತಂದಿತು. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ನಿಯತಕಾಲಿಕಗಳಿಗೆ ಇಲ್ಲಿ ಗಿರಾಕಿಗಳು ಸಿಕ್ಕರು. 2018ರಲ್ಲಿ ಯುಜಿಸಿ ತನ್ನ ಪಟ್ಟಿಯಿಂದಲೇ 4 ಸಾವಿರಕ್ಕೂ ಹೆಚ್ಚು ನಿಯತಕಾಲಿಕಗಳನ್ನು ತೆಗೆದುಹಾಕಬೇಕಾಯಿತು.

ಸಂಶೋಧಕರನ್ನು ಅಳೆಯಲು ನಿಯತಕಾಲಿಕದ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪ್ರಬಂಧಗಳಿಗೆ ಸಿಗುವ ಸರಾಸರಿ ಉಲ್ಲೇಖ) ಬಳಸಬೇಡಿ ಎಂದು ಸಂಶೋಧನೆಯ ಮೌಲ್ಯಮಾಪನ ಕುರಿತ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ 2013ರಲ್ಲೇ ಕರೆ ಕೊಟ್ಟಿದೆ. ಆಗ ‘ಸೈನ್ಸ್’ ಪತ್ರಿಕೆಯ ಸಂಪಾದಕರಾಗಿದ್ದ ಆಲ್ಬರ್ಟ್ಸ್ ಸಂಪಾದಕೀಯ ಬರೆದು ಅದನ್ನು ಬೆಂಬಲಿಸಿದರು. ನಮ್ಮ ವಿಶ್ವವಿದ್ಯಾಲಯಗಳೂ ಆ ದಾರಿಗೆ ಬರಬೇಕು. ಅಭ್ಯರ್ಥಿ ತಾನೇ ಆರಿಸಿಕೊಟ್ಟ ನಾಲ್ಕೈದು ಕೃತಿಗಳನ್ನು ಸಮಿತಿ ಪೂರ್ತಿ ಓದಲಿ. ಜೀವರಸಾಯನದ ಕೆಲಸವನ್ನು ಆ ಕ್ಷೇತ್ರದವರು, ಶಿಕ್ಷಣದ ಕೆಲಸವನ್ನು ತರಗತಿ ಬಲ್ಲವರು ತೂಗಲಿ. ತೀರ್ಪಿಗೆ ಕಾರಣಗಳನ್ನು ಬರೆದು, ಎಲ್ಲರೂ ನೋಡುವಂತೆ ಪ್ರಕಟಿಸಲಿ.