ಪುಟ್ಟ ವಿಮಾನಕ್ಕೆ ಎಂಥ ಎಂಜಿನ್?

ರೇಡಿಯೊ ನಿಯಂತ್ರಿತ ಮಾದರಿ ವಿಮಾನ ಮಾಡಬೇಕೆಂಬ ಆಸೆ ಹುಟ್ಟಿದ ವಿದ್ಯಾರ್ಥಿಯ ಕಣ್ಣಿಗೆ ಮೊದಲು ಬೀಳುವುದು ಎಂಜಿನ್. ‘ದೊಡ್ಡದೇ ಇರಲಿ, ಮುಂದೆ ಉಪಯೋಗಕ್ಕೆ ಬಂದೀತು’ ಎಂದು ತಂದೆಯೂ ಕಿಸೆಗೆ ಕೈ ಹಾಕುತ್ತಾರೆ. ಬೆಳೆಯುವ ಮಕ್ಕಳಿಗೆ ಅಂಗಿಯನ್ನು ಒಂದು ಅಳತೆ ದೊಡ್ಡದು ಹೊಲಿಸಬಹುದು. ಎಂಜಿನ್ ವಿಷಯದಲ್ಲಿ ಈ ಲೆಕ್ಕ ನಡೆಯದು.

ದೊಡ್ಡ ಎಂಜಿನ್ ಹಾಕಿದರೆ ವಿಮಾನದ ಮೂಗು ಭಾರವಾಗುತ್ತದೆ. ಅದನ್ನು ಸರಿದೂಗಿಸಲು ಬಾಲಕ್ಕೆ ಸೀಸ ಕಟ್ಟಬೇಕು. ತೂಕ ಹೆಚ್ಚಿದಷ್ಟೂ ವಿಮಾನ ವೇಗವಾಗಿಯೇ ನೆಲಕ್ಕಿಳಿಯಬೇಕು. ಕಲಿಯುವ ಕೈಗೆ ವೇಗವೇ ಶತ್ರು. ಹಾಗೆಂದು ಶಕ್ತಿ ಕಡಿಮೆಯಾದರೂ ಪೇಚು. ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ‘ಮಾರುತ್’ ಯುದ್ಧವಿಮಾನವನ್ನು ಶಬ್ದದ ಎರಡರಷ್ಟು ವೇಗಕ್ಕೆಂದು ಯೋಜಿಸಲಾಗಿತ್ತು. ಅದಕ್ಕೆ ತಕ್ಕ ಎಂಜಿನ್ ಕೊನೆಗೂ ದೊರೆಯಲಿಲ್ಲ. ಕಡಿಮೆ ಶಕ್ತಿಯ ಆರ್ಫಿಯಸ್ ಎಂಜಿನ್ನಿನಿಂದ ಅದು ಶಬ್ದದ ವೇಗದ ಆಸುಪಾಸಿನಲ್ಲೇ ಉಳಿಯಿತು. ಒಡಲು ಮತ್ತು ಎಂಜಿನ್ ಹೊಂದಬೇಕೆಂಬುದು ಯುದ್ಧವಿಮಾನಕ್ಕೂ ಒಂದೇ, ಥರ್ಮೋಕೋಲ್ ವಿಮಾನಕ್ಕೂ ಒಂದೇ.

ಈಗ ಬಗೆಗಳನ್ನು ನೋಡೋಣ. ಮೊದಲನೆಯದು ಗ್ಲೋ ಎಂಜಿನ್. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟಗಳಲ್ಲಿ ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಪಂಪಿನ ಟೂ ಸ್ಟ್ರೋಕ್ ಎಂಜಿನ್ ಮಕ್ಕಳಿಗೆ ಪರಿಚಿತ. ಇದು ಅದರ ತಮ್ಮನಿದ್ದಂತೆ; ಆದರೆ ಇದರಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪ್ಲಾಟಿನಂ ತಂತಿಯ ಸುರುಳಿಯನ್ನು ಆರಂಭದಲ್ಲಿ ಬ್ಯಾಟರಿಯಿಂದ ಕಾಯಿಸಿದರೆ ಸಾಕು, ಎಂಜಿನ್ ಓಡುವವರೆಗೂ ಅದು ಕೆಂಪಗೇ ಇರುತ್ತದೆ. ಇಂಧನ ಮೆಥನಾಲ್; ಜೊತೆಗೆ ಔಡಲೆಣ್ಣೆ ಅಥವಾ ಸಿಂಥೆಟಿಕ್ ಎಣ್ಣೆ, ಸ್ವಲ್ಪ ನೈಟ್ರೋಮೀಥೇನ್. ಒಂದೂವರೆ ಮೀಟರ್ ರೆಕ್ಕೆಯ, ಎರಡು-ಎರಡೂವರೆ ಕಿಲೋ ತೂಕದ ತರಬೇತಿ ವಿಮಾನಕ್ಕೆ ‘ಪಾಯಿಂಟ್ 40’ರಿಂದ ‘ಪಾಯಿಂಟ್ 46’ ಗಾತ್ರ ಹೊಂದುತ್ತದೆ. ಇದು ಘನ ಅಂಗುಲದ ಲೆಕ್ಕ, ಸಿ.ಸಿ.ಯಲ್ಲಿ ಹೇಳಿದರೆ 6.5ರಿಂದ 7.5. ಫೋರ್ ಸ್ಟ್ರೋಕ್ ಆದರೆ ಇದಕ್ಕಿಂತ ದೊಡ್ಡ ಗಾತ್ರ ಬೇಕು. ಪೆಟ್ರೋಲ್ ಎಂಜಿನ್ ದೊಡ್ಡ ಮಾದರಿಗಳಿಗೇ ಸರಿ.

ಎರಡನೆಯದು ಬ್ರಷ್‌ಲೆಸ್ ವಿದ್ಯುತ್ ಮೋಟಾರ್. ಇಲ್ಲಿ ಲೆಕ್ಕ ವ್ಯಾಟ್‌ಗಳಲ್ಲಿ. ತರಬೇತಿ ವಿಮಾನಕ್ಕೆ ಕಿಲೋಗೆ ಸುಮಾರು 200 ವ್ಯಾಟ್ ಸಾಕು. ಒಂದು ಕಿಲೋ ವಿಮಾನಕ್ಕೆ 11.1 ವೋಲ್ಟ್ ಬ್ಯಾಟರಿ ಇಟ್ಟರೆ 200ನ್ನು 11.1ರಿಂದ ಭಾಗಿಸಿ: 18 ಆಂಪಿಯರ್. ವೇಗ ನಿಯಂತ್ರಕ 30 ಆಂಪಿಯರ್‌ನದಿದ್ದರೆ ನಿಶ್ಚಿಂತೆ.

ನಮ್ಮ ಊರಿನ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಿಜಯಪುರ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಅಂಥ ಮಧ್ಯಾಹ್ನ ಗಾಳಿಯ ಸಾಂದ್ರತೆ, ಸಮುದ್ರ ಮಟ್ಟದ 15 ಡಿಗ್ರಿಯ ಗಾಳಿಗಿಂತ ಸುಮಾರು ಏಳನೇ ಒಂದು ಭಾಗ ಕಡಿಮೆ. ಗ್ಲೋ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ತಗ್ಗುತ್ತದೆ. ವಿದ್ಯುತ್ ಮೋಟಾರಿಗೆ ಆಮ್ಲಜನಕ ಬೇಡ, ನಿಜ. ಆದರೆ ತೆಳುಗಾಳಿಯಲ್ಲಿ ಪಂಖ ಕಡಿಮೆ ಎಳೆಯುತ್ತದೆ, ರೆಕ್ಕೆ ಕಡಿಮೆ ಎತ್ತುತ್ತದೆ. ಪರಿಹಾರ ಎರಡು: ವಿಮಾನದ ತೂಕ ಇಳಿಸಿ, ಬೆಳಗಿನ ತಂಪಿನಲ್ಲಿ ಹಾರಿಸಿ.

ನೆಲವೂ ಮುಖ್ಯ. ಬೇಸಿಗೆಯ ಎರೆಹೊಲದ ಬಿರುಕಿನಲ್ಲಿ ಸಣ್ಣ ಚಕ್ರ ಸಿಕ್ಕಿಬೀಳುತ್ತದೆ. ಧೂಳು ಕಾರ್ಬ್ಯುರೇಟರ್ ಸೇರುತ್ತದೆ. ದ್ರಾಕ್ಷಿ ಚಪ್ಪರದ ತಂತಿಗಳಿಂದ, ಕರೆಂಟಿನ ತಂತಿಗಳಿಂದ ದೂರವಿರಿ. 2021ರ ಡ್ರೋನ್ ನಿಯಮಗಳನ್ನು ಓದಿ, ‘ಡಿಜಿಟಲ್ ಸ್ಕೈ’ ನಕ್ಷೆಯಲ್ಲಿ ಜಾಗ ನೋಡಿಕೊಳ್ಳಿ. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಲು ಅನುಮತಿ ಬೇಕಿಲ್ಲ. ವಿಮಾನ ಸದಾ ಕಣ್ಣಳತೆಯಲ್ಲಿರಲಿ.

ಇಷ್ಟೆಲ್ಲ ತೂಗಿ ನೋಡಿದರೆ ಶಾಲಾ ಮಕ್ಕಳಿಗೆ ಮೊದಲ ವಿಮಾನ ಕೈಯಿಂದ ಹಾರಿಸಬಹುದಾದ, ಒಂದು ಕಿಲೋದೊಳಗಿನ, ವಿದ್ಯುತ್ ಮೋಟಾರಿನದೇ ಇರಲಿ. ಗ್ಲೋ ಎಂಜಿನ್ ಕಾಲೇಜಿನ ದಿನಗಳಿಗೆ, ಅನುಭವಿಗಳ ಜೊತೆಗೆ. ಕಾರಣ ಖರ್ಚೊಂದೇ ಅಲ್ಲ. ಮೆಥನಾಲ್ ವಿಷ, ಹೊಟ್ಟೆಗೆ ಹೋದರೆ ಕಣ್ಣು, ಜೀವ ಎರಡಕ್ಕೂ ಅಪಾಯ. ಅದರ ಬೆಂಕಿ ಹಗಲಿನಲ್ಲಿ ಕಾಣುವುದೇ ಕಷ್ಟ. ವಿದ್ಯುತ್ತೂ ಆಟಿಕೆಯಲ್ಲ: ಲಿಥಿಯಂ ಬ್ಯಾಟರಿಯನ್ನು ಚಾರ್ಜಿಗಿಟ್ಟು ಮಲಗಬಾರದು, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬಾರದು. ತಿರುಗುವ ಪಂಖ ಬೆರಳನ್ನು ಕತ್ತರಿಸಬಲ್ಲದು. ಬ್ಯಾಟರಿ ಜೋಡಿಸುವಾಗ ವಿಮಾನದ ಹಿಂದೆ ನಿಲ್ಲಿ.

ಪಾಲಕರಲ್ಲಿ ಒಂದು ಮಾತು. ಎಲ್ಲ ಹಣವನ್ನೂ ಮೋಟಾರಿಗೇ ಸುರಿಯಬೇಡಿ. ಒಳ್ಳೆಯ ಚಾರ್ಜರ್, ನಾಲ್ಕು ಹೆಚ್ಚಿನ ಪಂಖಗಳಿಗೆ ಉಳಿಸಿ. ಕೊಳ್ಳುವ ಮೊದಲು ಮಗನೋ ಮಗಳೋ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಡಲು, ಬ್ಯಾಟರಿ, ರೇಡಿಯೊ ಭಾಗಗಳನ್ನು ತೂಗಲಿ. ಮೋಟಾರಿನ ತೂಕ ಕೂಡಿಸಿ, ಬೇಕಾದ ವ್ಯಾಟ್ ಎಷ್ಟೆಂದು ಕಾಗದದ ಮೇಲೆ ಬರೆದು ತೋರಿಸಲಿ. ಆ ಕಾಗದ ಕೈಗೆ ಬಂದ ಮೇಲೆ ಅಂಗಡಿಗೆ ಹೋಗಿ.