ಮುಗಿಲ ಜನರ ಬೆಟ್ಟ

ಹಾಳುಬಿದ್ದ ಊರುಗಳನ್ನು ನೋಡಿಬಂದವರು ಬರೆಯುವ ಲೇಖನಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ‘ಈ ಜನ ಎಲ್ಲಿಂದ ಬಂದರೋ, ಎಲ್ಲಿಗೆ ಹೋದರೋ, ಬಲ್ಲವರಿಲ್ಲ.’ ಮಾತು ಕೇಳಲು ಇಂಪಾಗಿದೆ. ಮುರಿದ ಮೆಟ್ಟಿಲು, ಇಳಿಬಿಸಿಲು, ಹುಲ್ಲು ಹಬ್ಬಿದ ಜಗಲಿ ಇವುಗಳ ನಡುವೆ ನಿಂತವನ ಬಾಯಿಗೆ ತಾನಾಗಿ ಬರುವಂಥದು. ಆದರೆ ಇಂಪಾದುದೆಲ್ಲ ದಿಟವಾಗಬೇಕಾಗಿಲ್ಲ. ಮೆಕ್ಸಿಕೋ ದೇಶದ ದಕ್ಷಿಣ ಭಾಗದಲ್ಲಿ, ವಹಾಕ ಸೀಮೆಯಲ್ಲಿರುವ ಮೋಂತೆ ಆಲ್ಬಾನ್ ಎಂಬ ಬೆಟ್ಟದೂರಿನ ವಿಷಯದಲ್ಲಂತೂ ಅದು ದಿಟವಲ್ಲ. ಬದುಕಿರುವ ಜನರಿಗೆ ಮಾಡುವ ಅನ್ಯಾಯವೂ ಹೌದು. ಏಕೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ವಹಾಕ ನಗರದಿಂದ ಬೆಟ್ಟಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನಾನು ಹೋದುದು ಮಳೆಗಾಲದ ಕೊನೆಯಲ್ಲಿ. ಬೆಟ್ಟದ ಮೈಯೆಲ್ಲ ಹಸುರಾಗಿದ್ದಿತು. ಸಮುದ್ರಮಟ್ಟಕ್ಕೆ ಸುಮಾರು 1,940 ಮೀಟರ್, ಕಣಿವೆಯ ನೆಲಕ್ಕೆ ಸುಮಾರು 400 ಮೀಟರ್ ಎತ್ತರದ ಈ ನೆತ್ತಿಯ ಮೇಲೆ ನಿಂತರೆ ಮೂರು ಕಣಿವೆಗಳು ಮೂರು ದಿಕ್ಕಿಗೆ ಚಾಚಿಕೊಂಡಿರುವುದು ಕಾಣುತ್ತದೆ. ಅವು ಕೂಡುವ ಎಡೆಯಲ್ಲೇ ಈ ಬೆಟ್ಟ ಎದ್ದಿದೆ. ಕ್ರಿ. ಪೂ. 500ರ ಸುಮಾರಿಗೆ ಜಪೋತೆಕ ಜನ ಇಲ್ಲಿ ಊರು ಕಟ್ಟಿದರು. ಬೆಟ್ಟದ ಮೇಲೆ ತೊರೆಯಿಲ್ಲ; ಉಳುವ ಒಳ್ಳೆಯ ನೆಲವೆಲ್ಲ ಕೆಳಗಿದೆ. ಅಂಥಲ್ಲಿ ಊರನ್ನೇಕೆ ಕಟ್ಟಿದರು? ಮೂರು ಕಣಿವೆಗಳ ಊರುಗಳು ಒಡಂಬಟ್ಟು, ಯಾರ ಸ್ವತ್ತೂ ಅಲ್ಲದ ನಡುಬೆಟ್ಟದಲ್ಲಿ ರಾಜಧಾನಿಯನ್ನು ಮಾಡಿಕೊಂಡವೆಂದು ರಿಚರ್ಡ್ ಬ್ಲಾಂಟನ್ ವಾದಿಸಿದರು. ಹಾಗಲ್ಲ, ಕಣಿವೆಯ ಸಾನ್ ಹೋಸೆ ಮೊಗೋತೆ ಎಂಬ ಹಿರಿಯ ಊರಿನವರು ಶತ್ರುಗಳ ಅಂಜಿಕೆಯಿಂದ ಬೆಟ್ಟ ಹತ್ತಿದರೆಂಬುದು ಕೆಂಟ್ ಫ್ಲಾನರಿ ಮತ್ತು ಜಾಯ್ಸ್ ಮಾರ್ಕಸ್ ಅವರ ಪಕ್ಷ. ಯಾವುದು ಸರಿಯಾದರೂ ಒಂದು ಮಾತು ನಿಲ್ಲುತ್ತದೆ: ಊರು ತಾನಾಗಿ ಬೆಳೆದುದಲ್ಲ, ಜನ ಯೋಚಿಸಿ ಕಟ್ಟಿದುದು.

ನೆತ್ತಿಯನ್ನು ಕಡಿದು, ತುಂಬಿ, ಸಮಮಾಡಿ ಅವರು ಒಂದು ಮಹಾಂಗಣವನ್ನು ಹರಡಿದರು. ಅದರ ಉದ್ದ ಸುಮಾರು 300 ಮೀಟರ್, ಅಗಲ ಸುಮಾರು 200 ಮೀಟರ್. ತೆಂಕಲಿಗೂ ಬಡಗಲಿಗೂ ಎರಡು ಭಾರಿ ಜಗತಿಗಳು. ಪಕ್ಕಗಳಲ್ಲಿ ಮೆಟ್ಟಿಲು ಸಾಲುಗಳ ಮೇಲೆ ಗುಡಿಗಳ ಪೀಠಗಳು. ಒಂದು ಮೂಲೆಯಲ್ಲಿ ಚೆಂಡಾಟದ ಕಣ. ಕಟ್ಟಿದವರಿಗೆ ಎತ್ತಿರಲಿಲ್ಲ, ಗಾಡಿಯಿರಲಿಲ್ಲ, ಕಬ್ಬಿಣವಿರಲಿಲ್ಲ. ಇಲ್ಲಿನ ಒಂದೊಂದು ಕಲ್ಲೂ ಮನುಷ್ಯನ ಬೆನ್ನಿನ ಮೇಲೆ ಬಂದುದು, ಕಲ್ಲಿನಿಂದಲೇ ಕಡೆದುದು. ಇಂದು ಬೋಳಾಗಿ ಕಾಣುವ ಗೋಡೆಗಳಿಗೆ ಅಂದು ಗಾರೆಯ ಹೊದಿಕೆಯೂ ಬಣ್ಣವೂ ಇದ್ದುವು. ನಮಗೆ ಕಾಣುವುದು ಊರಿನ ಎಲುಬು ಮಾತ್ರ. ಮೈಯನ್ನು ನಾವು ಊಹಿಸಿಕೊಳ್ಳಬೇಕು.

ಪ್ರವಾಸಿಗಳಲ್ಲಿ ಹೆಚ್ಚಿನವರು ಅಂಗಣವನ್ನು ಸುತ್ತಿ, ತೆಂಕಣ ಜಗತಿಯನ್ನು ಹತ್ತಿ, ಪಟ ತೆಗೆದುಕೊಂಡು ಇಳಿದುಬಿಡುತ್ತಾರೆ. ಅವರು ನೋಡಿದುದು ಅರಸರ ಮತ್ತು ದೇವರ ನೆಲೆ, ಊರನ್ನಲ್ಲ. ಊರು ಇದ್ದುದು ಇಳಿಜಾರಿನಲ್ಲಿ. 1970ರ ದಶಕದಲ್ಲಿ ಬ್ಲಾಂಟನ್ ಮತ್ತು ಅವರ ಸಂಗಡಿಗರು ಬೆಟ್ಟದ ಮೈಯನ್ನೆಲ್ಲ ಕಾಲ್ನಡಿಗೆಯಲ್ಲಿ ಅಳೆದು, ಎರಡು ಸಾವಿರಕ್ಕೂ ಮೇಲ್ಪಟ್ಟು ಮೆಟ್ಟಿಲುನೆಲಗಳನ್ನು ಲೆಕ್ಕಹಾಕಿದರು. ಮನೆ ಕಟ್ಟಲೆಂದು ಇಳಿಜಾರನ್ನು ಕಡಿದು ಮಾಡಿದ ಹಂತಗಳು ಅವು. ಊರು ಏಳಿಗೆಯ ತುದಿಯಲ್ಲಿದ್ದಾಗ, ಎಂದರೆ ಕ್ರಿ. ಶ. 500ರಿಂದ 700ರ ಸುಮಾರಿಗೆ, ಇಲ್ಲಿ 25,000ದಷ್ಟು ಜನರಿದ್ದರೆಂದು ಅಂದಾಜು. ಜೋಳ ಬೀಸಿ ರೊಟ್ಟಿ ತಟ್ಟಿದವರು, ಮಡಕೆ ಮಾಡಿದವರು, ಕೆಳಗಿನಿಂದ ಹೊರೆ ಹೊತ್ತು ತಂದವರು ಇದ್ದುದು ಆ ಹಂತಗಳಲ್ಲಿ. ಈಗ ಅಲ್ಲಿ ಪೊದೆ ಬೆಳೆದಿದೆ. ದಾರಿಯ ತಿರುವಿನಲ್ಲಿ ಬಸ್ಸಿನ ಕಿಟಕಿಯಿಂದ ನೋಡುವವನಿಗೆ ಅದು ಬರಿಯ ಗುಡ್ಡ. ಆದರೂ ಆ ಗುಡ್ಡದ ಮೈಯನ್ನು ಐದು ನಿಮಿಷ ನಿಂತು ನೋಡದವನು ಮೋಂತೆ ಆಲ್ಬಾನನ್ನು ನೋಡಿದನೆಂದು ನಾನು ಹೇಳಲಾರೆ.

ಇನ್ನು ಹೆಸರುಗಳ ಮಾತು. ಭಾಷೆಯನ್ನು ಕಲಿಸುವವನಿಗೆ ಇದು ಕಲ್ಲಿಗಿಂತ ಹೆಚ್ಚು ಕಾಡುವ ವಿಷಯ. ‘ಮೋಂತೆ ಆಲ್ಬಾನ್’ ಎಂಬುದು ಸ್ಪಾನಿಷರ ಕಾಲದಲ್ಲಿ ಅಂಟಿಕೊಂಡ ಹೆಸರು. ಕಟ್ಟಿದವರು ಕರೆದ ಹೆಸರಲ್ಲ. ‘ಜಪೋತೆಕ’ ಎಂಬುದೂ ಅವರದಲ್ಲ. ಅದು ಅವರ ನೆರೆಯವರಾದ ಆಸ್ತೆಕರ ನಾವಾತ್ಲ್ ಭಾಷೆಯ ಶಬ್ದ; ‘ಸಪೋತೆ ಹಣ್ಣಿನ ನಾಡಿನವರು’ ಎಂದು ಅರ್ಥ. ನಮ್ಮ ಹಿತ್ತಲಿನ ಸಪೋಟದ ಹೆಸರು ಹುಟ್ಟಿದುದೂ ಇದೇ ಮೂಲದಿಂದಲೇ. ನಾವಾತ್ಲ್‌ನ ‘ತ್ಸಪೋತ್ಲ್’ ಸ್ಪಾನಿಷಿನಲ್ಲಿ ‘ಸಪೋತೆ’ಯಾಗಿ, ಹಣ್ಣಿನೊಡನೆ ಕಡಲು ದಾಟಿ ಕನ್ನಡದ ಮನೆಗಳಿಗೆ ಬಂದಿದೆ. ಹಣ್ಣನ್ನು ದಿನವೂ ಹೆಸರಿಟ್ಟು ಕರೆಯುವ ನಾವು ಅದೇ ಹೆಸರಿನ ಜನರನ್ನು ಅಳಿದುಹೋದವರೆಂದು ಬಗೆಯುವುದು ವಿಪರ್ಯಾಸವಲ್ಲವೆ? ಅವರು ತಮ್ಮನ್ನು ಕರೆದುಕೊಳ್ಳುವ ಹೆಸರು ಬೇರೆ. ಭೂಸಂಧಿಯ ಕಡೆಯ ನುಡಿಯಲ್ಲಿ ಅದು ‘ಬಿನ್ನಿಜಾ’. ಮುಗಿಲ ಜನ ಎಂದು ಅದನ್ನು ಅರ್ಥಮಾಡುವುದು ವಾಡಿಕೆ. ಅವರ ಭಾಷೆ ಮುಗಿಲ ಮಾತು.

ಕಲ್ಲುಗಳಿಗೂ ಇದೇ ಗತಿ. ಅಂಗಣದ ಪಡುವಣ ಬದಿಯ ಕಟ್ಟಡವೊಂದರಲ್ಲಿ ಬತ್ತಲೆಯ ಗಂಡಸರನ್ನು ಕೊರೆದ ಚಪ್ಪಡಿಗಳಿವೆ. ಇಂಥವು ಈ ಬೆಟ್ಟದಲ್ಲಿ ಮುನ್ನೂರಕ್ಕೂ ಹೆಚ್ಚು ದೊರೆತಿವೆ. ಕೈಕಾಲುಗಳು ಸೊಟ್ಟಗೆ ತಿರುಚಿಕೊಂಡಿವೆ, ಬಾಯಿ ತೆರೆದಿದೆ, ಹಲವರ ಕಣ್ಣು ಮುಚ್ಚಿದೆ. ಹಿಂದಿನವರು ಇವರನ್ನು ‘ನರ್ತಕರು’ ಎಂದರು. ಆ ಹೆಸರು ಇಂದಿಗೂ ಫಲಕಗಳ ಮೇಲೆ ಉಳಿದಿದೆ. ಆದರೆ ಕೊಂದು ಅಂಗಚ್ಛೇದ ಮಾಡಿದ ಸೆರೆಯಾಳುಗಳ ಚಿತ್ರಗಳಿವು ಎಂಬ ಅಭಿಪ್ರಾಯ 1960ರ ದಶಕದಿಂದ ಬಲಗೊಂಡಿತು. ಈಚೆಗೆ ಹಾವಿಯರ್ ಉರ್ಸಿದ್ ಎಂಬ ವಿದ್ವಾಂಸರು, ಇವರು ತಮ್ಮ ರಕ್ತವನ್ನು ತಾವೇ ಹರಿಸಿ ವ್ರತ ನಡೆಸುವ ಯೋಧರೆಂದು ಹೇಳಿದ್ದಾರೆ. ಕೊಲೆಯೋ ವ್ರತವೋ, ಅಂತೂ ನೃತ್ಯವಲ್ಲ. ಒಂದು ಸೊಗಸಾದ ಹೆಸರು ಎಷ್ಟು ಕಾಲ ನಮ್ಮ ಕಣ್ಣನ್ನು ಕಟ್ಟಿಹಾಕಬಲ್ಲದು ನೋಡಿರಿ! ಅಲ್ಲಿಯೇ ಅಂಗಣದ ನಡುವೆ, ಉಳಿದೆಲ್ಲ ಕಟ್ಟಡಗಳ ದಿಕ್ಕನ್ನು ಮೀರಿ ಓರೆಯಾಗಿ ಬಾಣದ ಮೊನೆಯಂತೆ ನಿಂತಿರುವ ಕಟ್ಟಡವೊಂದಿದೆ. ಅದನ್ನು ‘ಜೆ ಕಟ್ಟಡ’ ಎನ್ನುತ್ತಾರೆ. ಅದರ ಗೋಡೆಯ ಚಪ್ಪಡಿಗಳು ಗೆದ್ದುಕೊಂಡ ಊರುಗಳ ಪಟ್ಟಿಯೆಂದು ಆಲ್ಫೋನ್ಸೊ ಕಾಸೊ ಓದಿದರು. ಆ ಓದನ್ನೂ ಮುಂದೆ ಕೆಲವರು ಪ್ರಶ್ನಿಸಿದರು; ಆದರೆ ಕಟ್ಟಡದ ಹೆಸರನ್ನು ಬದಲಿಸಬೇಕಾದ ಪ್ರಮೇಯ ಬರಲಿಲ್ಲ. ‘ಜೆ’ ಎಂಬ ಒಣ ಅಕ್ಷರ ‘ನರ್ತಕ’ ಎಂಬ ರಸವತ್ತಾದ ಪದಕ್ಕಿಂತ ಪ್ರಾಮಾಣಿಕವಾದುದು. ತಿಳಿಯದುದಕ್ಕೆ ಅಂಕೆಯನ್ನೋ ಅಕ್ಷರವನ್ನೋ ಕೊಟ್ಟು ಕಾಯುವುದು ಪಂಡಿತನ ವಿನಯ. ಪ್ರವಾಸಿಯೂ ಆ ವಿನಯವನ್ನು ಕಲಿಯಬೇಕು.

ಕಾಸೊ ಅವರ ಹೆಸರು ಬಂದುದರಿಂದ ‘7ನೆಯ ಗೋರಿ’ಯ ಮಾತನ್ನು ಬಿಡುವಂತಿಲ್ಲ. 1932ರ ಜನವರಿಯಲ್ಲಿ ಅವರು ತೆರೆಸಿದ ಆ ಗೋರಿಯಲ್ಲಿ ಚಿನ್ನ, ಬೆಳ್ಳಿ, ಮುತ್ತು, ಹರಳು, ನೀಲಿಕಲ್ಲಿನ ಹಲ್ಲೆಗಳನ್ನು ಹೊದಿಸಿದ ತಲೆಬುರುಡೆ, ಕೆತ್ತಿದ ಎಲುಬುಗಳು ಹೀಗೆ ನೂರಾರು ವಸ್ತುಗಳು ದೊರೆತುವು. ಅವನ್ನು ಇಂದು ವಹಾಕ ನಗರದ ಸಾಂತೊ ದೊಮಿಂಗೊ ಮಠದಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಗೋರಿ ಜಪೋತೆಕರದು, ನಿಧಿಯಾದರೋ ಶತಮಾನಗಳ ತರುವಾಯ ಅದೇ ಗೋರಿಯನ್ನು ತೆರೆದು ತಮ್ಮವರನ್ನು ಹೂಳಿದ ಮಿಶ್ತೆಕ ಜನರದು. ಎಂದರೆ, ಊರು ಬರಿದಾದ ಬಹುಕಾಲದ ಮೇಲೂ ಬೆಟ್ಟ ಬರಿದಾಗಿರಲಿಲ್ಲ. ಸುತ್ತಲಿನವರಿಗೆ ಅದು ಪವಿತ್ರವಾಗಿಯೇ ಇದ್ದಿತು.

ಹಾಗಾದರೆ ಜಪೋತೆಕರು ಎಲ್ಲಿಗೆ ಹೋದರು? ಎಲ್ಲಿಗೂ ಹೋಗಲಿಲ್ಲ. ಕ್ರಿ. ಶ. 800ರ ಸುಮಾರಿಗೆ ರಾಜಧಾನಿ ಕ್ಷೀಣಿಸಿತು. ಜನ ಬೆಟ್ಟವನ್ನಿಳಿದು ಕಣಿವೆಯ ಊರುಗಳಲ್ಲಿ ಬದುಕನ್ನು ಮುಂದುವರಿಸಿದರು. ಸ್ಪಾನಿಷರು ಬಂದಾಗ ಅವರು ಅಲ್ಲಿಯೇ ಇದ್ದರು. ಹುವಾನ್ ದೆ ಕೋರ್ದೊವ ಎಂಬ ಪಾದ್ರಿ 1578ರಲ್ಲಿ ಅವರ ಭಾಷೆಯ ಶಬ್ದಕೋಶವನ್ನೂ ವ್ಯಾಕರಣವನ್ನೂ ಅಚ್ಚುಹಾಕಿಸಿದನು. ಮತಾಂತರಕ್ಕೆಂದು ಮಾಡಿದ ಆ ಕೆಲಸದಲ್ಲಿ ಅವರ 260 ದಿನಗಳ ಪಂಚಾಂಗವೂ ದಾಖಲಾಯಿತು. ಮೋಂತೆ ಆಲ್ಬಾನಿನ ಶಾಸನಗಳಲ್ಲಿ ಕಾಣುವ ದಿನಗಳ ಹೆಸರುಗಳನ್ನು ಗುರುತಿಸಲು ಇಂದಿನ ಲಿಪಿತಜ್ಞರಿಗೆ ನೆರವಾಗುವುದು ಅದೇ. ಇನ್ನೂ ಬೆರಗಿನ ಸಂಗತಿಯೊಂದುಂಟು. 1704-05ರಲ್ಲಿ, ವಿಯಾ ಆಲ್ತಾ ಎಂಬ ಮಲೆಸೀಮೆಯ ಜಪೋತೆಕ ಊರುಗಳವರು ಬಿಷಪ್ಪನ ಆಜ್ಞೆಗೆ ಮಣಿದು ತಾವು ಗುಟ್ಟಾಗಿ ಕಾಪಾಡಿಕೊಂಡಿದ್ದ ಪಂಚಾಂಗದ ಹೊತ್ತಗೆಗಳನ್ನು ಒಪ್ಪಿಸಿದರು. ನೂರಕ್ಕೂ ಮಿಕ್ಕ ಆ ಕಿರುಹೊತ್ತಗೆಗಳು ಈಗ ಸ್ಪೇನಿನ ಸೆವಿಲ್ ನಗರದ ದಫ್ತರಖಾನೆಯಲ್ಲಿವೆ. ಬೆಟ್ಟದ ಊರು ಬರಿದಾಗಿ ಒಂಬೈನೂರು ವರ್ಷಗಳಾದ ಮೇಲೂ ಬೆಟ್ಟದ ಕಾಲಗಣನೆ ಜನರ ಮನೆಯೊಳಗೆ ಬದುಕಿದ್ದಿತು! ಇದನ್ನು ಬಲ್ಲವರು ‘ಎಲ್ಲಿಗೆ ಹೋದರೋ’ ಎಂದು ಹೇಗೆ ಬರೆದಾರು?

ತ್ಲಾಕೊಲುಲ ಎಂಬ ಕಣಿವೆಯೂರಿನಲ್ಲಿ ಭಾನುವಾರ ಸಂತೆ ಸೇರುತ್ತದೆ. ಮೆಣಸಿನಕಾಯಿಯ ರಾಶಿಗಳ ನಡುವೆ ನಡೆಯುವಾಗ ಸ್ಪಾನಿಷಲ್ಲದ ಮಾತು ನನ್ನ ಕಿವಿಗೆ ಬಿದ್ದಿತು. ವ್ಯಾಪಾರಕ್ಕೆ ಬಂದವರೊಡನೆ ಸ್ಪಾನಿಷಿನಲ್ಲಿ ಆಡಿದ ಮುದುಕಿ ಪಕ್ಕದವಳತ್ತ ತಿರುಗಿ ತನ್ನ ನುಡಿಯಲ್ಲಿ ಮಾತಾಡಿದಳು. ಜಪೋತೆಕ ಸ್ವರಭಾರದ ಭಾಷೆ. ದನಿಯ ಏರಿಳಿತದಿಂದಲೇ ಒಂದು ಮಾತಿನ ಅರ್ಥ ಇನ್ನೊಂದಾಗುತ್ತದೆ. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಬೆಟ್ಟದ ಮೇಲೆ ನಾನು ಕಾಣದುದು ಇದೇ ಎಂಬುದು ತಿಳಿಯಿತು. ಅವಳ ಪಕ್ಕದಲ್ಲಿದ್ದ ಹುಡುಗ ಅವಳಿಗೆ ಉತ್ತರ ಕೊಟ್ಟುದು ಸ್ಪಾನಿಷಿನಲ್ಲಿ.

ಆ ಹುಡುಗನ ಉತ್ತರದಲ್ಲಿಯೇ ನನ್ನ ಆತಂಕವೆಲ್ಲ ಅಡಗಿದೆ. ಮೋಂತೆ ಆಲ್ಬಾನನ್ನು ಯುನೆಸ್ಕೋ ಸಂಸ್ಥೆ 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲಿಗೆ ಕಾವಲಿದೆ, ಟಿಕೇಟಿದೆ, ಬೇಲಿಯಿದೆ. ಕಲ್ಲಿನ ಮೇಲೆ ಬರೆದವರ ಮಾತಿಗೆ ಕಾವಲು ಬಂದುದು ತೀರ ತಡವಾಗಿ. ಮೆಕ್ಸಿಕೋದ ಮೂಲನಿವಾಸಿಗಳ ನುಡಿಗಳೂ ಸ್ಪಾನಿಷಿನಂತೆಯೇ ರಾಷ್ಟ್ರಭಾಷೆಗಳೆಂದು ಆ ದೇಶದ ಕಾನೂನು ಒಪ್ಪಿದುದು 2003ರಲ್ಲಿ. 2020ರ ಜನಗಣತಿಯಂತೆ ಜಪೋತೆಕ ನುಡಿಗಳನ್ನಾಡುವವರು ನಾಲ್ಕು ಲಕ್ಷಕ್ಕೂ ಹೆಚ್ಚು. ಆದರೆ ಅದು ಒಂದು ಭಾಷೆಯಲ್ಲ, ಒಂದು ಕುಟುಂಬ. 2008ರ ಸರ್ಕಾರಿ ಪಟ್ಟಿ 62 ಭೇದಗಳನ್ನು ಎಣಿಸುತ್ತದೆ. ಒಂದು ಮಲೆಯವರ ಮಾತು ಇನ್ನೊಂದು ಮಲೆಯವರಿಗೆ ತಿಳಿಯದಿರುವುದುಂಟು. ಒಟ್ಟು ಲೆಕ್ಕ ದೊಡ್ಡದಾಗಿ ಕಂಡರೂ ಒಂದೊಂದು ಊರಿನ ನುಡಿಗೆ ಉಳಿದಿರುವ ಬಾಯಿಗಳು ಕೆಲವೇ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಪ್ರವಾಸಿ ಭಾಷಾಶಾಸ್ತ್ರಜ್ಞನಲ್ಲ, ಬೆಟ್ಟ ಹತ್ತಿ, ಗಾಳಿಗೆ ಮುಖವೊಡ್ಡಿ, ಹಳೆಯದನ್ನು ನೋಡಿ ಸಂತೋಷಪಟ್ಟು ಹೋಗುವ ಹಕ್ಕು ಅವನಿಗಿಲ್ಲವೆ? ಇದೆ, ಧಾರಾಳವಾಗಿ ಇದೆ. ಅವನು ಕೊಡುವ ಹಣದಿಂದ ಹಲವು ಮನೆಗಳ ಒಲೆ ಉರಿಯುತ್ತದೆಂಬುದೂ ನಿಜ. ಆದರೆ ಪ್ರವಾಸಿ ನೋಡಿ ಸುಮ್ಮನಾಗುವವನಲ್ಲ. ಊರಿಗೆ ಮರಳಿ ಹೇಳುವವನು, ಬರೆಯುವವನು. ಅಳಿದವರೆಂದು ಅವನು ಬರೆದರೆ ಓದುವವರು ನಂಬುತ್ತಾರೆ. ಅಳಿದವರಿಗೆ ಶಾಲೆ ಬೇಡ, ಪುಸ್ತಕ ಬೇಡ, ನ್ಯಾಯಾಲಯದಲ್ಲಿ ದುಭಾಷಿ ಬೇಡ. ಅಳಿದವರಿಗೆ ಬೇಕಾದುದು ವಸ್ತುಸಂಗ್ರಹಾಲಯವೊಂದೇ. ಹೀಗೆ ನಮ್ಮ ಭಾವುಕವಾದ ಒಂದು ವಾಕ್ಯ, ನಮಗೆ ತಿಳಿಯದಂತೆಯೇ, ಬದುಕಿರುವವರ ಹಕ್ಕಿನ ಮೇಲೆ ಮಣ್ಣೆಳೆಯುತ್ತದೆ.

ಇತಿಹಾಸ ಇದಕ್ಕೊಂದು ಉತ್ತರವನ್ನು ಕೊಟ್ಟಿದೆ. ಗಿಲೆರ್ಮೊ ದುಪೇ ಎಂಬ ಸೇನಾಧಿಕಾರಿ ಸ್ಪೇನಿನ ದೊರೆಯ ಅಪ್ಪಣೆಯಂತೆ ಪ್ರಾಚೀನಾವಶೇಷಗಳನ್ನು ಹುಡುಕುತ್ತ ಮೋಂತೆ ಆಲ್ಬಾನಿಗೆ ಬಂದುದು 1806ರಲ್ಲಿ. ಅದೇ ವರ್ಷದ ಮಾರ್ಚಿಯಲ್ಲಿ, ಉತ್ತರದ ಮಲೆಯ ಗ್ವೆಲತಾವೊ ಎಂಬ ಹಳ್ಳಿಯಲ್ಲಿ, ಒಬ್ಬ ಜಪೋತೆಕ ಹುಡುಗ ಹುಟ್ಟಿದನು. ಹನ್ನೆರಡರ ಪ್ರಾಯದಲ್ಲಿ ವಹಾಕ ನಗರಕ್ಕೆ ನಡೆದುಬಂದಾಗ ಅವನಿಗೆ ಸ್ಪಾನಿಷ್ ಬರುತ್ತಿರಲಿಲ್ಲ. ಅವನೇ ಮುಂದೆ, 1858ರಿಂದ 1872ರವರೆಗೆ, ಮೆಕ್ಸಿಕೋದ ರಾಷ್ಟ್ರಾಧ್ಯಕ್ಷನಾದ ಬೆನಿತೊ ಹುವಾರೆಸ್. ಪಂಡಿತರು ಬೆಟ್ಟದ ಮೇಲೆ ಹುಡುಕುತ್ತಿದ್ದ ಜನ ಪಕ್ಕದ ಮಲೆಯಲ್ಲಿ ತೊಟ್ಟಿಲು ತೂಗುತ್ತಿದ್ದರು.

ಸಾಹಿತ್ಯಪ್ರಿಯರು ಇನ್ನೊಂದನ್ನೂ ಬಲ್ಲವರಾಗಿರಬೇಕು. ಭೂಸಂಧಿಯ ಹುಚಿತಾನ್ ಪಟ್ಟಣದ ಕವಯಿತ್ರಿ ನತಾಲಿಯಾ ತೊಲೆದೊ ತಮ್ಮ ಕವಿತೆಗಳನ್ನು ಜಪೋತೆಕ ಮತ್ತು ಸ್ಪಾನಿಷ್ ಎರಡರಲ್ಲೂ ಬರೆಯುತ್ತಾರೆ. ಮೂಲನಿವಾಸಿ ನುಡಿಗಳ ಸಾಹಿತ್ಯಕ್ಕಾಗಿ ಮೀಸಲಾದ ನೆಸಾವಾಲ್ಕೊಯೋತ್ಲ್ ಪ್ರಶಸ್ತಿ 2004ರಲ್ಲಿ ಅವರಿಗೆ ಸಂದಿತು. ಹಳೆಯ ಲಿಪಿಯನ್ನು ಇನ್ನೂ ಪೂರ್ತಿಯಾಗಿ ಓದಲಾಗಿಲ್ಲ. ಆದರೆ ಅದನ್ನು ಕೊರೆದವರ ನುಡಿಯ ವಂಶದಲ್ಲಿ ಇಂದು ಕವಿತೆ ಹುಟ್ಟುತ್ತಿದೆ. ಹಳಗನ್ನಡದ ಶಾಸನವನ್ನು ತರಗತಿಯಲ್ಲಿ ಓದಿಸುವ ನನ್ನಂಥವನಿಗೆ ಇದರ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಶಾಸನ ಉಳಿದು ಅದನ್ನು ತನ್ನದೆನ್ನುವ ಬಾಯಿ ಇಲ್ಲದಿದ್ದರೆ ಅದು ಬರಿಯ ಗೀಟು.

ಆದುದರಿಂದ, ದೂರದ ಹಾಳೂರುಗಳಿಗೆ ಹೋಗುವ ನಮ್ಮ ತರುಣರಿಗೆ ನನ್ನದೊಂದು ಸೂಚನೆ. ಮೆಟ್ಟಿಲು ಹತ್ತಿರಿ, ಅಂಗಣ ನೋಡಿರಿ, ಬೆರಗಾಗಿರಿ. ಆದರೆ ಬರೆಯಲು ಕುಳಿತಾಗ ‘ನಿಗೂಢ’ ಎಂಬ ಮಾತನ್ನು ಅವಸರದಲ್ಲಿ ಎತ್ತಿಕೊಳ್ಳಬೇಡಿರಿ. ಮೊದಲು ಕೆಳಗಿನ ಸಂತೆಗೆ ಹೋಗಿ ಅಲ್ಲಿ ಯಾವ ಮಾತು ನಡೆಯುತ್ತಿದೆಯೆಂದು ಕೇಳಿರಿ. ಬೆಟ್ಟದ ಪ್ರಶ್ನೆಗಳಿಗೆಲ್ಲ ಅಲ್ಲಿ ಉತ್ತರ ಸಿಗದಿರಬಹುದು. ಉತ್ತರ ಹೇಳಬೇಕಾದವರು ಅಲ್ಲಿರುತ್ತಾರೆ.